ಬೆಳ್ಳಿ ಗಟ್ಟಿಯ ಮೇಲಿನ ಸುಕ್ಕು

ಯಂತ್ರದಲ್ಲಿ ಒತ್ತಿದ ಬೆಳ್ಳಿ ಬಿಸ್ಕತ್ತು ಕನ್ನಡಿಯಂತೆ ನುಣ್ಣಗಿರುತ್ತದೆ. ಕೈಯಲ್ಲಿ ಎರಕ ಹೊಯ್ದ ಗಟ್ಟಿ ಹಾಗಲ್ಲ. ನಡುವೆ ತಗ್ಗು, ಮೇಲೆ ಹಾಲಿನ ಕೆನೆಯಂಥ ಸುಕ್ಕು, ಅಲ್ಲೊಂದು ಇಲ್ಲೊಂದು ಗುಳ್ಳೆ. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಇಂಥ ಗಟ್ಟಿ ಮಾಡುವ ಹವ್ಯಾಸಿಗಳಿದ್ದಾರೆ. ಬೆಳ್ಳಿ ಅದೇ, ತೂಕವೂ ಅದೇ. ಆದರೂ ಆ ಸುಕ್ಕಿಗಾಗಿಯೇ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಬರೀ ಶೋಕಿ ಅಂದುಕೊಂಡಿದ್ದೆ. ಸುಕ್ಕು ಹೇಗೆ ಬರುತ್ತದೆ ಅಂತ ತಿಳಿದ ಮೇಲೆ ನನಗೂ ನುಣ್ಣನೆಯ ಬಿಸ್ಕತ್ತು ಸಪ್ಪೆ ಅನ್ನಿಸತೊಡಗಿದೆ.

ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೇಳಲು ಭಯಂಕರ. ಆದರೆ 100 ಗ್ರಾಂ ಬೆಳ್ಳಿ ಕರಗಿಸಲು ಬೇಕಾಗುವ ಶಾಖ, 100 ಗ್ರಾಂ ನೀರನ್ನು ಕುದಿಗೆ ತರುವ ಶಾಖಕ್ಕಿಂತ ಅಂಥಾ ಹೆಚ್ಚೇನಲ್ಲ! ಒಂದು ಲೋಟ ಚಹಾದಷ್ಟು, ಅಷ್ಟೇ. ಹಾಗಾದರೆ ಅಡುಗೆ ಒಲೆಯ ಮೇಲೆ ಯಾಕೆ ಕರಗಿಸಬಾರದು? ಗ್ಯಾಸ್ ಉರಿಯೇನೋ 962 ಡಿಗ್ರಿಗಿಂತ ಬಿಸಿಯೇ. ಆದರೆ ಬಯಲಲ್ಲಿ ಕೆಂಪಗೆ ಕಾದ ವಸ್ತು ಪಡೆದ ಶಾಖವನ್ನೆಲ್ಲ ಸುತ್ತಲೂ ಚೆಲ್ಲಿಬಿಡುತ್ತದೆ. ಅದನ್ನು ಹಿಡಿದಿಡಲಿಕ್ಕೇ ಕುಲುಮೆ, ಅದರೊಳಗೆ ಲೋಹ ಕರಗಿಸುವ ಪಾತ್ರೆ ಮೂಸೆ.

ಮೂಸೆಗೆ ಅಕ್ಕಸಾಲಿಗರು ಒಂದು ಚಿಟಿಕೆ ಬಿಳಿಗಾರ (ಬೋರಾಕ್ಸ್) ಹಾಕುತ್ತಾರೆ. ಅದು ಕರಗಿ ಗಾಜಿನಂತಾಗಿ, ತಾಮ್ರದಂಥ ಲೋಹಗಳ ಕಿಲುಬನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕೆಲವರು ಇದ್ದಿಲಿನ ಚೂರನ್ನೂ ತೇಲಿಬಿಡುತ್ತಾರೆ. ಚೊಕ್ಕ ಬೆಳ್ಳಿಗೆ ಕಿಲುಬಿನ ಕಾಟವೇ ಇಲ್ಲ, ಮತ್ತೆ ಇದ್ದಿಲು ಯಾಕೆ?

ಇಲ್ಲೇ ಇರುವುದು ಬೆಳ್ಳಿಯ ವಿಚಿತ್ರ ಗುಣ. ಕರಗಿದ ಬೆಳ್ಳಿ ಗಾಳಿಯಿಂದ ಆಮ್ಲಜನಕವನ್ನು ಹೀರುತ್ತದೆ. ಶುದ್ಧ ಆಮ್ಲಜನಕ ಸಿಕ್ಕರಂತೂ ತನ್ನ ಗಾತ್ರದ ಸುಮಾರು 20 ಪಟ್ಟು ಕುಡಿಯಬಲ್ಲದು. ಗಟ್ಟಿಯಾದ ಬೆಳ್ಳಿಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಆರುವ ಹೊತ್ತಿಗೆ ಕುಡಿದದ್ದನ್ನೆಲ್ಲ ಕಕ್ಕಲೇಬೇಕು. ಅಷ್ಟರಲ್ಲಿ ಮೇಲೆ ಹೊರಪದರ ಕಟ್ಟಿರುತ್ತದೆ. ಒಳಗಿನ ಅನಿಲ ಅದನ್ನು ಒಡೆದುಕೊಂಡು, ಬೆಳ್ಳಿಯ ಹನಿಗಳನ್ನೂ ಸಿಡಿಸುತ್ತಾ ಹೊರಬರುತ್ತದೆ. ಫ್ರಿಜ್ಜಿನ ಐಸ್ ಗಡ್ಡೆಯ ನಡುವೆ ಬಿಳಿ ಮಸುಕು ಇರುತ್ತದಲ್ವಾ? ಅದೂ ಹೀಗೇ: ನೀರು ಹೆಪ್ಪುಗಟ್ಟುವಾಗ ಜಾಗ ಸಿಗದ ಗಾಳಿ ಅದು. ಬೆಳ್ಳಿಯದು ಸ್ವಲ್ಪ ಸಿಟ್ಟಿನ ಸ್ವಭಾವ, ಅಷ್ಟೇ. ಇದ್ದಿಲು ಉರಿಯುತ್ತಾ ಮೂಸೆಯೊಳಗಿನ ಆಮ್ಲಜನಕವನ್ನು ತಾನೇ ತಿಂದುಹಾಕುತ್ತದೆ. ಬೆಳ್ಳಿಗೆ ಕುಡಿಯಲು ಹೆಚ್ಚು ಉಳಿಯುವುದಿಲ್ಲ.

ಇನ್ನು ಸುಕ್ಕು. ಶಾಖ ಹರಿಸುವುದರಲ್ಲಿ ಬೆಳ್ಳಿಯನ್ನು ಮೀರಿಸುವ ಲೋಹ ಇಲ್ಲ. ತಣ್ಣನೆಯ ಅಚ್ಚಿಗೆ ಹೊಯ್ದರೆ ತಾಗಿದ ಕಡೆಯೇ ಗಟ್ಟಿಯಾಗುತ್ತದೆ. ಅದರ ಮೇಲೆ ಬಿದ್ದ ಮುಂದಿನ ಧಾರೆ ಪೂರ್ತಿ ಬೆರೆಯದೆ ಪದರ ಪದರವಾಗಿ ನಿಲ್ಲುತ್ತದೆ. ಅದಕ್ಕೇ ಅಚ್ಚನ್ನು ಮೊದಲೇ ಕಾಯಿಸಿಡುತ್ತಾರೆ. ಇದಕ್ಕಿಂತ ದೊಡ್ಡ ಕಾರಣವೂ ಉಂಟು. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಕ್ಷಣದಲ್ಲಿ 1,600 ಪಟ್ಟಿಗೂ ಜಾಸ್ತಿ ಹಿಗ್ಗಿ ಆವಿಯಾಗುತ್ತದೆ, ಕಾದ ಬೆಳ್ಳಿ ಮುಖಕ್ಕೇ ಹಾರುತ್ತದೆ. ವಿಡಿಯೊ ನೋಡಿ ಸುಮ್ನೆ ಕೈಹಾಕುವ ಕೆಲಸ ಇದಲ್ಲ.

ನಡುವಿನ ತಗ್ಗಿನ ಕಥೆ ಐಸಿಗೆ ತಿರುಗುಮುರುಗು. ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಬೆಳ್ಳಿ ಕುಗ್ಗುತ್ತದೆ. ಅಂಚು ಮೊದಲು ಆರಿ, ನಡುವಿನ ದ್ರವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕೊನೆಗೆ ಆರುವ ಜಾಗಕ್ಕೆ ತುಂಬಿಕೊಡಲು ಯಾರೂ ಇರುವುದಿಲ್ಲ, ಅದು ಕುಸಿಯುತ್ತದೆ. ಪಳಗಿದವರು ಹೊಯ್ದ ಮೇಲೂ ಸ್ವಲ್ಪ ಹೊತ್ತು ಮೇಲ್ಮೈಗೆ ಉರಿ ಹಿಡಿಯುತ್ತಾರೆ. ತಳದಿಂದ ಮೇಲಕ್ಕೆ ಆರಲಿ ಅಂತ.

ಆಮೇಲಿನದು ಉಜ್ಜುವ ಕೆಲಸ. ತಾಮ್ರ ಬೆರೆತ ಬೆಳ್ಳಿ ಕಪ್ಪಾಗಿದ್ದರೆ ನೀರು ಬೆರೆಸಿ ಸಾರ ಇಳಿಸಿದ ಆಮ್ಲದಲ್ಲಿ ಅದ್ದುತ್ತಾರೆ. ನಮ್ಮಲ್ಲಿ ಹುಣಸೆಹುಳಿ, ಅಂಟುವಾಳಕಾಯಿ ನೊರೆ ಇವೆ. ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ, ತೂಕದ ಮುದ್ರೆ ಒತ್ತಿದರೆ ಗಟ್ಟಿ ತಯಾರು. 100 ಗ್ರಾಂ ಅಂದರೂ ಎರಡು ಟೀ ಚಮಚದೊಳಗೆ ಹಿಡಿಯುವಷ್ಟೇ ಲೋಹ. ಉಜ್ಜಿದಾಗ ಉದುರಿದ ಪುಡಿಯನ್ನೂ ಯಾರೂ ಎಸೆಯುವುದಿಲ್ಲ. ಅದು ಮತ್ತೆ ಮೂಸೆಗೆ. ಕಣ್ಣಿಗೆ ಬೀಳದೆ ನೆಲದ ಧೂಳಿಗೆ ಸೇರಿದ್ದಕ್ಕೂ ಗಿರಾಕಿಗಳುಂಟು: ಅಕ್ಕಸಾಲಿಗರ ಅಂಗಡಿಯ ಕಸ ಕೊಂಡು, ತೊಳೆದು, ಬೆಳ್ಳಿ ಬಂಗಾರದ ಕಣ ಹೆಕ್ಕುವ ಜಲಗಾರರು.