ಅಮೆರಿಕ ತಂದ ಉಗಿಹಡಗಿನ ಮಾದರಿ ಚೀನಾಕ್ಕೆ ಬೇಡವಾದದ್ದೇಕೆ?

ಓದುಗರ ಪ್ರಶ್ನೆ: 1844ರಲ್ಲಿ ಅಮೆರಿಕದ ರಾಯಭಾರಿಯೊಬ್ಬ ಚೀನಾ ಚಕ್ರವರ್ತಿಗೆಂದು ಹೊಸ ಯಂತ್ರ, ಆಯುಧಗಳ ಉಡುಗೊರೆ ಹೊತ್ತು ಹೋಗಿದ್ದನಂತೆ, ಚೀನೀಯರು ಬೇಡ ಎಂದರಂತೆ. ಆಗಷ್ಟೇ ಅಫೀಮು ಯುದ್ಧದಲ್ಲಿ ಬ್ರಿಟಿಷರ ಉಗಿಹಡಗುಗಳಿಂದ ಪೆಟ್ಟು ತಿಂದವರಿಗೆ ಅವುಗಳ ಬೆಲೆ ತಿಳಿಯಲಿಲ್ಲವೆ?

ಚೆನ್ನಾಗಿಯೇ ತಿಳಿದಿತ್ತು. ಅವರು ತಳ್ಳಿಹಾಕಿದ್ದು ತಂತ್ರಜ್ಞಾನವನ್ನಲ್ಲ. ಆ ಉಡುಗೊರೆಯ ಜೊತೆಗೆ ಬೀಜಿಂಗಿನ ಅರಮನೆಯೊಳಗೆ ಬರುತ್ತೇನೆ ಎನ್ನುತ್ತಿದ್ದ ಮನುಷ್ಯನನ್ನು.

ಆ ಮನುಷ್ಯ ಕೇಲಬ್ ಕುಶಿಂಗ್, ಮ್ಯಾಸಚೂಸೆಟ್ಸ್‌ನ ವಕೀಲ, ರಾಜಕಾರಣಿ. ಆತ ಕಟ್ಟಿಸಿಕೊಂಡು ಹೊರಟ ಸಾಮಾನಿನಲ್ಲಿ ಆರು ಗುಂಡಿನ ಪಿಸ್ತೂಲುಗಳು, ಯುದ್ಧದ ಉಗಿಹಡಗಿನ ಮಾದರಿ, ಉಗಿಯಿಂದ ಮಣ್ಣು ಅಗೆಯುವ ಯಂತ್ರದ ಮಾದರಿ, ದೂರದರ್ಶಕ, ಭೂಗೋಳ, ಆಗಿನ್ನೂ ಹೊಸದಾಗಿದ್ದ ಡಗೇರೋಟೈಪ್ ಫೋಟೊ ಉಪಕರಣ ಇದ್ದವು. ಜೊತೆಗೆ ಕೋಟೆ ಕಟ್ಟುವ, ಹಡಗು ಕಟ್ಟುವ, ನೌಕಾಯುದ್ಧ ನಡೆಸುವ ವಿದ್ಯೆಯ ಪುಸ್ತಕಗಳು, ಎನ್‌ಸೈಕ್ಲೋಪೀಡಿಯಾ ಅಮೆರಿಕಾನಾದ ಸಂಪುಟಗಳು. ಪಟ್ಟಿ ನೋಡಿದರೆ ರಾಜನಿಗೆ ಕೊಡುವ ಕಾಣಿಕೆಗಿಂತ ವ್ಯಾಪಾರಿ ತೋರಿಸುವ ಮಾದರಿ ಸರಕಿನಂತೆ ಕಾಣುತ್ತದೆ.

ಪಯಣದ ಆರಂಭವೇ ಅಪಶಕುನದ್ದು. ಕುಶಿಂಗ್ ಏರಿದ್ದ ಮಿಸೌರಿ, ಅಮೆರಿಕದ ನೌಕಾಪಡೆ ಹೆಮ್ಮೆಪಡುತ್ತಿದ್ದ ಉಗಿಹಡಗು. 1843ರ ಆಗಸ್ಟ್ 26ರಂದು ಜಿಬ್ರಾಲ್ಟರ್ ಬಂದರಿನಲ್ಲಿ ಅದರ ಉಗ್ರಾಣದಲ್ಲಿ ಟರ್ಪೆಂಟೈನ್ ತುಂಬಿದ ಜಾಡಿ ಒಡೆದು ಬೆಂಕಿ ಹತ್ತಿಕೊಂಡಿತು. ಇಡೀ ಹಡಗು ಸುಟ್ಟುಹೋಯಿತು. ಚಕ್ರವರ್ತಿಗೆ ಬರೆದ ಅಧ್ಯಕ್ಷ ಟೈಲರ್ ಪತ್ರ ಕುಶಿಂಗ್ ಕೈಯಲ್ಲಿ ಉಳಿಯಿತು. ಈಜಿಪ್ಟ್ ದಾಟಿ ನಮ್ಮ ಮುಂಬಯಿಗೆ ಬಂದು, ಅಲ್ಲಿಂದ ಬ್ರಾಂಡಿವೈನ್ ಎಂಬ ಹಾಯಿಹಡಗು ಹಿಡಿದು 1844ರ ಫೆಬ್ರವರಿಯಲ್ಲಿ ಮಕಾವ್ ತಲುಪಿದ. ಉಗಿಯ ಮಹಿಮೆ ಸಾರಲು ಹೊರಟವನನ್ನು ಕೊನೆಗೆ ದಡ ಮುಟ್ಟಿಸಿದ್ದು ಗಾಳಿ!

ಚೀನಾದಲ್ಲಿ ಅಮೆರಿಕನ್ನರಿಗೆ ಇಂಥ ಸರಕು ಹೊಸದು. ಅವರ ಮೊದಲ ವ್ಯಾಪಾರಿ ಹಡಗು ಎಂಪ್ರೆಸ್ ಆಫ್ ಚೈನಾ 1784ರಲ್ಲಿ ದಕ್ಷಿಣ ಚೀನಾದ ಬಂದರು ಕ್ಯಾಂಟನ್‌ಗೆ ಒಯ್ದದ್ದು ಮುಖ್ಯವಾಗಿ ಸುಮಾರು 30 ಟನ್ ಜಿನ್‌ಸೆಂಗ್ ಬೇರು. ಆಮೇಲೆ ನೀರುನಾಯಿಯ ತುಪ್ಪಳ, ಹವಾಯಿಯ ಗಂಧದ ಮರ, ಬೆಳ್ಳಿ ನಾಣ್ಯ. (ನಮ್ಮ ಮೈಸೂರು ಸೀಮೆಯ ಗಂಧವೂ ಮಲಬಾರ್ ಕರಾವಳಿಯಿಂದ ಚೀನಾದ ಮಾರುಕಟ್ಟೆ ಸೇರುತ್ತಿತ್ತು.) ಯಂತ್ರದ ಬೆರಗನ್ನು ಮಾರುತ್ತಿದ್ದವರು ಬ್ರಿಟಿಷರು. ಹಾಡುವ ಹಕ್ಕಿ, ಕುಣಿಯುವ ಗೊಂಬೆ ಇರುವ ಗಡಿಯಾರಗಳಿಗೆ ಕ್ಯಾಂಟನ್ನಿನಲ್ಲಿ ಭಾರಿ ಗಿರಾಕಿ. ಚಿಯನ್‌ಲಾಂಗ್ ಚಕ್ರವರ್ತಿಯ ಅರಮನೆ ಅವುಗಳಿಂದ ತುಂಬಿತ್ತು. ಅದೇ ಚಿಯನ್‌ಲಾಂಗ್ 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ಗ್ರಹಮಂಡಲದ ಯಂತ್ರ ತಂದಾಗ, ನಿಮ್ಮ ವಿಚಿತ್ರ ವಸ್ತುಗಳು ನಮಗೇನೂ ಬೇಕಿಲ್ಲ ಎಂಬ ಅರ್ಥದ ಪತ್ರ ಬರೆಸಿದ. ಇದನ್ನೇ ಹಿಡಿದು ಚೀನಾದ ಅಹಂಕಾರದ ಕಥೆ ಹೇಳುವವರು ಬಹಳ. ಗಡಿಯಾರ ಕೂಡಿಟ್ಟವನ ಆ ಮಾತನ್ನು ನಾನಂತೂ ಚೌಕಾಸಿಯ ಮಾತೆಂದೇ ಓದುತ್ತೇನೆ. ಬಂದವರು ಕೇಳಿದ್ದು ಹೊಸ ಬಂದರು ಮತ್ತು ಬೀಜಿಂಗಿನಲ್ಲಿ ಕಾಯಂ ರಾಯಭಾರಿ. ಉಡುಗೊರೆ ಇಷ್ಟವಾಯಿತು ಎಂದರೆ ಉಳಿದದ್ದಕ್ಕೂ ಉತ್ತರ ಹೇಳಬೇಕಾಗುತ್ತಿತ್ತು.

ಕುಶಿಂಗ್ ಎದುರಿಗೂ ಇದ್ದದ್ದು ಇದೇ ಗಂಟು. ಬೀಜಿಂಗಿಗೆ ಕಾಣಿಕೆ ತಂದ ಪರದೇಶಿ, ಚೀನಾದ ಲೆಕ್ಕದಲ್ಲಿ ಕಪ್ಪ ಒಪ್ಪಿಸಲು ಬಂದವನು. ಮೂರು ಸಲ ಮಂಡಿಯೂರಿ ಒಂಬತ್ತು ಸಲ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು. ಕಪ್ಪ ತಂದವನೆಂದು ಕಾಣಿಸಿಕೊಳ್ಳಬೇಡ ಎಂದು ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ ಮೊದಲೇ ಎಚ್ಚರಿಸಿದ್ದ. ಚೀನಾ ಪರವಾಗಿ ಬಂದ ಚೀಯಿಂಗ್‌ಗೆ ಇನ್ನೊಂದು ಚಿಂತೆ: ಈತ ಹೇಗಾದರೂ ಉತ್ತರಕ್ಕೆ ಹೋಗದಿದ್ದರೆ ಸಾಕು. ಬೀಜಿಂಗಿಗೆ ಹೋಗುವ ಬೆದರಿಕೆಯನ್ನೇ ಕುಶಿಂಗ್ ತನ್ನ ದಾಳವಾಗಿ ಬಳಸಿದ. ಜೂನ್‌ನಲ್ಲಿ ಮಾತುಕತೆ ಶುರುವಾಯಿತು, ಜುಲೈ 3ರಂದು ಮಕಾವ್‌ನ ವಾಂಗ್‌ಶಿಯಾದಲ್ಲಿ ಕುನ್ ಇಯಾಮ್ ದೇವಾಲಯದಲ್ಲಿ ಎರಡು ದೇಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಕುಶಿಂಗ್ ಅರಮನೆಯ ಆಸೆ ಬಿಟ್ಟ, ಅಧ್ಯಕ್ಷರ ಪತ್ರವನ್ನು ಚೀಯಿಂಗ್ ಕೈಗೇ ಕೊಟ್ಟ. ಅರಮನೆಗೆ ಹೋಗದಿದ್ದ ಮೇಲೆ ಚಕ್ರವರ್ತಿಯ ಉಡುಗೊರೆಗೆ ಕೆಲಸವೂ ಉಳಿಯಲಿಲ್ಲ. ಫಿರಂಗಿಯ ಮಾದರಿ, ಕೋಟೆಯ ಪುಸ್ತಕ ನಿಮಗಾದರೂ ಇರಲಿ ಎಂದಾಗ ಚೀಯಿಂಗ್ ವಿನಯದಿಂದಲೇ ಒಲ್ಲೆನೆಂದ. ಪರದೇಶಿಯಿಂದ ಯುದ್ಧವಿದ್ಯೆ ಇಸಿದುಕೊಂಡ ಎಂದು ಬೀಜಿಂಗಿಗೆ ಸುದ್ದಿ ಹೋದರೆ ಅವನ ಗತಿ ಏನಾಗುತ್ತಿತ್ತೋ!

ಚೀನೀಯರಿಗೆ ಆಸಕ್ತಿ ಇರಲಿಲ್ಲ ಎನ್ನುವವರಿಗೆ ಪಾನ್ ಶಿಚೆಂಗ್ ಎಂಬ ಒಬ್ಬನ ಹೆಸರು ಸಾಕು. ಈತ ಕ್ಯಾಂಟನ್ನಿನ ಸಿರಿವಂತ ವ್ಯಾಪಾರಿ ಮನೆತನದವನು. ಅಫೀಮು ಯುದ್ಧದ ಹೊತ್ತಿನಲ್ಲಿ ಒಬ್ಬ ಅಮೆರಿಕನ್ನನನ್ನು ಸಂಬಳಕ್ಕಿಟ್ಟುಕೊಂಡು, ನೀರೊಳಗೆ ಸಿಡಿದು ಹಡಗು ಒಡೆಯುವ ಬಾಂಬುಗಳನ್ನು ಮಾಡಿಸಿದ. 1843ರಲ್ಲಿ ತಿಯಾನ್‌ಜಿನ್ ಕಡೆ ಅವುಗಳ ಪರೀಕ್ಷೆಯೂ ನಡೆಯಿತು. ಮರುವರ್ಷ ವಾಂಗ್‌ಶಿಯಾದಲ್ಲಿ ಚೀಯಿಂಗ್ ಪಕ್ಕದಲ್ಲಿ ಸಹಾಯಕನಾಗಿ ಕುಳಿತವರಲ್ಲಿ ಇದೇ ಪಾನ್ ಶಿಚೆಂಗ್ ಇದ್ದ! ಅಮೆರಿಕದ ಯುದ್ಧವಿದ್ಯೆಯನ್ನು ಆತ ಆಗಲೇ ಕಾಸು ಕೊಟ್ಟು ಕೊಂಡಾಗಿತ್ತು. ಕೊಂಡದ್ದಕ್ಕೆ ಯಾರ ಹಂಗೂ ಇಲ್ಲ. ಡಿಂಗ್ ಗೊಂಗ್‌ಚೆನ್ ಎಂಬಾತ ಆ ವರ್ಷಗಳಲ್ಲೇ ಉಗಿಯಂತ್ರದ ಚಿಕ್ಕ ಮಾದರಿಯನ್ನು ತಾನೇ ಮಾಡಿ ಓಡಿಸಿದ್ದ. ಕ್ಯಾಮೆರಾ ಬಗ್ಗೆ ಚೀಯಿಂಗ್‌ಗೆ ಹಿಂಜರಿಕೆಯೂ ಇರಲಿಲ್ಲ. ಅದೇ 1844ರಲ್ಲಿ ಫ್ರೆಂಚ್ ನಿಯೋಗದ ಜೊತೆ ಬಂದ ಜೂಲ್ ಇತಿಯೆ ತೆಗೆದ ಅವನ ಡಗೇರೋಟೈಪ್ ಚಿತ್ರ ಇಂದಿಗೂ ಉಳಿದಿದೆ.

ಸಾಮಾನ್ಯ ಜನರ ವಿಷಯ ಬೇರೆ. ಆ ಮೇ ತಿಂಗಳಲ್ಲಿ ಕ್ಯಾಂಟನ್ನಿನ ಅಮೆರಿಕನ್ನರು ತಮ್ಮ ಹೊಸ ಧ್ವಜಸ್ತಂಭದ ತುದಿಗೆ ಗಾಳಿಯ ದಿಕ್ಕು ತೋರಿಸುವ ಬಾಣವೊಂದನ್ನು ಸಿಕ್ಕಿಸಿದರು. ಅದು ತಿರುಗಿ ತೋರಿದ ಕಡೆಗೆಲ್ಲ ಕೇಡು ಬಗೆಯುತ್ತದೆಂದು ಊರು ರೊಚ್ಚಿಗೆದ್ದಿತು, ಗಲಭೆಯಾಯಿತು. ಕೊನೆಗೆ ಬಾಣವನ್ನು ಇಳಿಸಬೇಕಾಯಿತು.

ಹತ್ತು ವರ್ಷದ ನಂತರ, 1854ರಲ್ಲಿ, ಅಮೆರಿಕದ ನೌಕಾಧಿಕಾರಿ ಪೆರಿ ಜಪಾನಿಗೆ ನಾಲ್ಕನೇ ಒಂದು ಅಳತೆಯ ಉಗಿಬಂಡಿ ಮತ್ತು ತಂತಿ ಸಂದೇಶದ (ಟೆಲಿಗ್ರಾಫ್) ಯಂತ್ರ ಒಯ್ದ. ಯೊಕೊಹಾಮಾದಲ್ಲಿ ವೃತ್ತಾಕಾರದ ಹಳಿ ಹಾಸಿ ಓಡಿಸಿದಾಗ, ಒಳಗೆ ಕೂರಲಾಗದ ಅಧಿಕಾರಿಯೊಬ್ಬ ಡಬ್ಬಿಯ ಚಾವಣಿ ಏರಿ ಕುಳಿತ. ಜಪಾನ್ ಜಾಣ, ಚೀನಾ ದಡ್ಡ ಎಂಬ ಹೋಲಿಕೆಗೆ ಇದನ್ನು ಬಳಸುವುದುಂಟು. ಆದರೆ ಅಲ್ಲಿ ಪೆರಿಯ ಬೆನ್ನಿಗೆ ತೋಪು ತುಂಬಿದ ಹಡಗುಗಳ ಸಾಲೇ ನಿಂತಿತ್ತು.

ವಾಂಗ್‌ಶಿಯಾ ಒಪ್ಪಂದದ 18ನೇ ಕಲಮಿನಲ್ಲಿ ಅಮೆರಿಕನ್ನರು ಚೀನೀ ಪಂಡಿತರನ್ನಿಟ್ಟು ಭಾಷೆ ಕಲಿಯಬಹುದು, ಎಂಥ ಪುಸ್ತಕವನ್ನೂ ಕೊಳ್ಳಬಹುದು ಎಂದಿದೆ. ಕಲಿಸಲು ಬಂದವರು ಕೊನೆಗೆ ಬರೆಸಿಕೊಂಡದ್ದು ಕಲಿಯುವ ಹಕ್ಕನ್ನೂ. ಉಡುಗೊರೆಯ ವಿನಿಮಯ ಕೈಗೂಡಿದ್ದು 1869ರಲ್ಲಿ: ಅಮೆರಿಕ ಬೀಜಗಳನ್ನೂ ಕೃಷಿ, ಗಣಿಗಾರಿಕೆಯಂಥ ವಿಷಯಗಳ ಪುಸ್ತಕಗಳನ್ನೂ ಕಳಿಸಿತು, ತೋಂಗ್‌ಜಿ ಚಕ್ರವರ್ತಿಯ ಸರ್ಕಾರ ಹತ್ತು ಗ್ರಂಥಗಳ 900ಕ್ಕೂ ಹೆಚ್ಚು ಸಂಪುಟಗಳನ್ನು ಮರಳಿ ಕೊಟ್ಟಿತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ಚೀನೀ ವಿಭಾಗ ಶುರುವಾದದ್ದು ಅವುಗಳಿಂದ.