ವಾಲ್ವ್ ಬದಲಿಸುವ ಮೊದಲು ಬಯಾಸ್ ನೋಡಿ

ವಾಲ್ವ್ ಆಂಪ್ಲಿಫೈಯರ್‌ನ ಸೌಂಡ್ ಸ್ವಲ್ಪ ಒರಟಾದರೆ ಸಾಕು, ತುಂಬಾ ಜನ ಹೊಸ ವಾಲ್ವ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಹುಡುಕಲು ಶುರು ಮಾಡುತ್ತಾರೆ. ದುಡ್ಡು ಸುರಿಯುವ ಮೊದಲು ಬಯಾಸ್ ಅಳೆದು ನೋಡಿ. ಎಷ್ಟೋ ಸಲ ತೊಂದರೆ ಇರುವುದು ಅಲ್ಲೇ.

ವಾಲ್ವ್ ಒಳಗೆ ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ, ನಾನೂರು ವೋಲ್ಟ್ ಆಸುಪಾಸಿನಲ್ಲಿರುವ ಪ್ಲೇಟ್ ಕಡೆ ಓಡುತ್ತವೆ. ನಡುವೆ ಗ್ರಿಡ್ ಅನ್ನುವ ತೆಳು ತಂತಿಯ ಸುರುಳಿ ಇದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಸೇರಿಸಿದ ಈ ತಂತಿಯೇ ಎಲೆಕ್ಟ್ರಾನ್‌ಗಳಿಗೆ ಮೂಗುದಾರ. ಹಾಡು ಇಲ್ಲದಿದ್ದಾಗಲೂ ಗ್ರಿಡ್ ಮೇಲೆ ಇಷ್ಟು ನೆಗೆಟಿವ್ ವೋಲ್ಟೇಜ್ ಇರಬೇಕು ಅಂತ ಲೆಕ್ಕವಿದೆ, ಅದೇ ಬಯಾಸ್. ನೆಗೆಟಿವ್ ಕಮ್ಮಿಯಾದರೆ ಕರೆಂಟ್ ಜಾಸ್ತಿ ಹರಿದು ಪ್ಲೇಟ್ ಕೆಂಪಗೆ ಕಾಯುತ್ತದೆ. ಜಾಸ್ತಿಯಾದರೆ ಕರೆಂಟ್ ಸಾಲದೆ, ಮೆಲ್ಲಗೆ ಹಾಡುವಾಗಲೇ ಸ್ವರ ಒಡೆಯುತ್ತದೆ. ಒಳಗಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸಹಜ, ಅದಕ್ಕೆ ಹೆದರಬೇಡಿ. ಹೊರಗಿನ ಬೂದು ಪ್ಲೇಟ್ ಕೆಂಪಾದರೆ ಮಾತ್ರ ತಕ್ಷಣ ಸ್ವಿಚ್ ಆಫ್ ಮಾಡಿ.

ಕ್ಯಾಥೋಡ್ ಬಯಾಸ್ ಇರುವ ಸೆಟ್ ತನ್ನಷ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಫಿಕ್ಸೆಡ್ ಬಯಾಸ್ ಇದ್ದರೆ ಪ್ರಿಸೆಟ್ ಅನ್ನುವ ಪುಟ್ಟ ಹೊಂದಾಣಿಕೆ ರೆಸಿಸ್ಟರ್ ತಿರುಗಿಸಿ ನಾವೇ ಹೊಂದಿಸಬೇಕು. ಹಲವು ಸೆಟ್‌ಗಳಲ್ಲಿ ಕ್ಯಾಥೋಡ್‌ಗೂ ಅರ್ತಿಂಗ್‌ಗೂ ನಡುವೆ 1 ಓಮ್ ರೆಸಿಸ್ಟರ್ ಇರುತ್ತದೆ. ಅದರ ಮೇಲೆ ಮಲ್ಟಿಮೀಟರ್ ಇಟ್ಟಾಗ ಎಷ್ಟು ಮಿಲಿವೋಲ್ಟ್ ಬರುತ್ತದೋ, ವಾಲ್ವ್ ಮೂಲಕ ಹರಿಯುವ ಕರೆಂಟ್ ಅಷ್ಟೇ ಮಿಲಿಆಂಪ್. ಇಎಲ್34 ವಾಲ್ವ್‌ನ ಪ್ಲೇಟ್ ತಡೆಯುವುದು 25 ವಾಟ್. ಎರಡು ವಾಲ್ವ್ ಜೋಡಿಯಾಗಿ ದುಡಿಯುವ ಪುಶ್-ಪುಲ್ ಸೆಟ್‌ನಲ್ಲಿ ಅದರ 70%, ಅಂದರೆ 17.5 ವಾಟ್, ಮೀರದಿದ್ದರೆ ಒಳ್ಳೆಯದು. ಪ್ಲೇಟ್‌ನಲ್ಲಿ 400 ವೋಲ್ಟ್ ಇದ್ದರೆ ಸುಮಾರು 44 ಮಿಲಿಆಂಪ್ ಆಯಿತು. ಆದರೆ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಸೆಟ್ ಚೆನ್ನಾಗಿ ಕಾದ ಮೇಲೆ ಅಳೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಯಾಕಂದ್ರೆ ಒಂದನ್ನು ತಿರುಗಿಸಿದರೆ ಪಕ್ಕದ ವಾಲ್ವ್‌ನ ಅಂಕಿಯೂ ಚೂರು ಜರುಗುತ್ತದೆ.

ಜೀವದ ವಿಷಯ ಇದು, ದಯವಿಟ್ಟು ಹಗುರವಾಗಿ ತಗೋಬೇಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅಳೆಯುವ ಪಾಯಿಂಟ್ ಹೊರಗೇ ಇದ್ದರೆ ಸರಿ. ಒಳಗೆ ಕೈ ಹಾಕಬೇಕು ಅಂದರೆ ಈ ಕೆಲಸ ಬಲ್ಲ ಮೆಕ್ಯಾನಿಕ್ ಹತ್ತಿರ ಕೊಡಿ. ಇನ್ನೊಂದು, ಸ್ಪೀಕರ್ ಜೋಡಿಸದೆ ಸೆಟ್ ಆನ್ ಮಾಡಿ ಹಾಡು ಹಾಕಲೇಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಸುರುಳಿಯೇ ಸುಟ್ಟುಹೋಗಬಹುದು.

ಒಂದೇ ವಾಲ್ವ್ ಪದೇ ಪದೇ ಜಾಸ್ತಿ ಕರೆಂಟ್ ಎಳೆಯುತ್ತಿದ್ದರೆ, ಸೆಟ್ ಆರಿಸಿ ಪೂರ್ತಿ ತಣ್ಣಗಾದ ಮೇಲೆ ಅದನ್ನೂ ಪಕ್ಕದ್ದನ್ನೂ ಅದಲು ಬದಲು ಮಾಡಿ. ತೊಂದರೆ ವಾಲ್ವ್ ಜೊತೆಗೇ ಹೋದರೆ ವಾಲ್ವ್ ಕೆಟ್ಟಿದೆ. ಅದೇ ಸಾಕೆಟ್‌ನಲ್ಲೇ ಉಳಿದರೆ ಹೊಸ ವಾಲ್ವ್ ಹಾಕಿ ಪ್ರಯೋಜನವಿಲ್ಲ. ಹಳೆ ಸೆಟ್‌ಗಳಲ್ಲಿ ಹಿಂದಿನ ಹಂತದಿಂದ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಸೋರಿ ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ತಲುಪುವುದು ಮಾಮೂಲು, ಮೊದಲು ಅದನ್ನು ಬದಲಿಸಿ, ಆಮೇಲೆ ಬಯಾಸ್ ಹೊಸದಾಗಿ ಹೊಂದಿಸಿ.