ದುಡ್ಡು ಉಳಿಸುವವರೆಲ್ಲ ಜಿಪುಣರಾ?

‘ದುಡ್ಡು ಉಳಿಸೋರಿಗೇ ತಾನೇ ಜಿಪುಣ ಅನ್ನೋದು?’ ಈ ಪ್ರಶ್ನೆ ಮತ್ತೆ ಬಂದಿದೆ. ಎಷ್ಟು ಸಲ ಉತ್ತರ ಕೊಟ್ಟರೂ ಬರುತ್ತಲೇ ಇರುತ್ತದೆ. ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಕೈಯಲ್ಲಿ ಇದ್ದೂ, ಬೇಕಾದ ಕಡೆಯೂ ಬಿಚ್ಚದವನು ಜಿಪುಣ. ಹೆಂಗಸಾದರೆ ಜಿಪುಣಿ. ಜುಗ್ಗ, ಕಂಜೂಸ್ ಅಂದರೂ ಅದೇ. ಮಿತಿಮೀರಿದರೆ ಕಡುಜಿಪುಣ, ಜಿಪುಣಾಗ್ರೇಸರ. ಅಗ್ರೇಸರ ಅಂದರೆ ಎಲ್ಲರಿಗಿಂತ ಮುಂದೆ ನಡೆಯುವವನು.

‘ಇದ್ದೂ’ ಅನ್ನುವ ಮಾತನ್ನು ದಯವಿಟ್ಟು ಹಾರಿಸಿ ಓದಬೇಡಿ. ಇಲ್ಲದವನು ಖರ್ಚು ಮಾಡದಿದ್ದರೆ ಅದು ಕಷ್ಟ, ಜಿಪುಣತನ ಅಲ್ಲ. ಲೆಕ್ಕ ಇಟ್ಟು ಬದುಕುವವನೂ ಜಿಪುಣ ಅಲ್ಲ. ಬಂದ ಲಕೋಟೆಯನ್ನು ಬಿಚ್ಚಿ, ಒಳಬದಿಯಲ್ಲಿ ತಿಂಗಳ ಲೆಕ್ಕ ಬರೆಯುವವರು ಇರುತ್ತಾರೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರೇ ಮೊದಲು ಔಷಧಿ ತರಲು ಹೊರಡುತ್ತಾರೆ. ಅವರು ಉಳಿಸುವುದೇ ಅದಕ್ಕೆ. ಜಿಪುಣ ಹಾಗಲ್ಲ. ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರೆ ಅರ್ಧ ಮುರಿದು ನುಂಗಿ, ಉಳಿದರ್ಧ ಎತ್ತಿಡುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ನಂಬಿಕೆ ಬಾರದಿದ್ದರೆ ನಮ್ಮ ಮಾತನ್ನೇ ನೋಡಿ: ‘ಎಂಜಲು ಕೈಯಲ್ಲಿ ಕಾಗೆ ಓಡಿಸದವನು’. ಊಟಕ್ಕೆ ಕೂತಿದ್ದಾನೆ, ಕಾಗೆ ಹತ್ತಿರ ಬಂದಿದೆ. ಕೈ ಬೀಸಿದರೆ ಬೆರಳಿಗೆ ಅಂಟಿದ ಅಗುಳು ಉದುರಿ ಅದರ ಪಾಲಾದೀತು ಅಂತ ಕೈಯನ್ನೇ ಎತ್ತುವುದಿಲ್ಲ. ಆ ಒಂದು ಅಗುಳಿನಿಂದ ಅವನಿಗೆ ಉಳಿಯುವುದು ಏನೂ ಇಲ್ಲ. ಇನ್ನೊಬ್ಬರಿಗೆ ಹೋಗಬಾರದು, ಅಷ್ಟೇ. ಉಳಿತಾಯದ ಸುದ್ದಿಯೇ ಇಲ್ಲದ ಈ ಗಾದೆಮಾತನ್ನು ಜಿಪುಣನಿಗೆ ಅಂಟಿಸಿದವರು ಎಷ್ಟು ಸರಿಯಾಗಿ ಗುರುತಿಸಿದ್ದರು ನೋಡಿ! ಹಾಗಾಗಿ ಲೆಕ್ಕದ ಮನುಷ್ಯರನ್ನು ಸುಮ್ನೆ ಜಿಪುಣ ಅಂತ ಕರೆಯಬೇಡಿ. ಅದು ಬೈಗುಳ, ಅವರಿಗೆ ನೋವಾಗುತ್ತದೆ.

ಹಾಗಾದರೆ ಈ ಪದ ಹೊಗಳಿಕೆ ಆಗುವುದೇ ಇಲ್ಲವೇ? ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕ್ರಿಕೆಟ್ ವರದಿಯಲ್ಲಿ ಆಗುತ್ತದೆ. ರನ್ ಬಿಟ್ಟುಕೊಡದ ಬೌಲರನ್ನು ಜಿಪುಣ ಅಂತಲೇ ಬರೆಯುತ್ತಾರೆ. ಭಾರತದ ಬೌಲರ್ ಬಾಪು ನಾಡಕರ್ಣಿ 1964ರ ಮದ್ರಾಸ್ ಟೆಸ್ಟಿನಲ್ಲಿ ಇಂಗ್ಲೆಂಡ್ ವಿರುದ್ಧ ಸತತ 21 ಮೇಡನ್ ಓವರ್, ಅಂದರೆ ಒಂದೂ ರನ್ ಕೊಡದ ಓವರ್, ಹಾಕಿದರು. ಆ ಇನಿಂಗ್ಸಿನಲ್ಲಿ ಅವರು ಹಾಕಿದ್ದು 32 ಓವರ್, ಕೊಟ್ಟದ್ದು ಬರೀ 5 ರನ್. ವಿಕೆಟ್ ಒಂದೂ ಸಿಗಲಿಲ್ಲ. ಆದರೂ ಜನ ಇವತ್ತಿಗೂ ಆ ಲೆಕ್ಕವನ್ನು ಹೆಮ್ಮೆಯಿಂದ ಹೇಳುತ್ತಾರೆ. ಎದುರಾಳಿಗೆ ಕೊಡದೆ ಹಿಡಿದಿಡುವುದೇ ಬೌಲರನ ಕೆಲಸ ಅಲ್ವಾ? ಅಲ್ಲಿ ಜಿಪುಣ ಅಂತ ಧಾರಾಳವಾಗಿ ಬರೆಯಿರಿ.